ಹೇಳಲಾಗದ ನೋವಿಗೊಂದು ಅಳತೆ

ಹಲ್ಲುನೋವು ಬಂದರೆ ಮನೆಮಂದಿಗೆಲ್ಲ ಹೇಳುತ್ತೇವೆ. ಸೊಂಟನೋವಾದರೆ ನೆರೆಮನೆಯವರಿಗೂ ತಿಳಿಯುತ್ತದೆ. ಆದರೆ ಗುಹ್ಯಾಂಗದಲ್ಲಿ ತಿಂಗಳುಗಟ್ಟಲೆ ಉರಿ, ಚುಚ್ಚುನೋವು ಇದ್ದರೆ ಗಂಡನಿಗೂ ಹೇಳದೆ ನುಂಗಿಕೊಳ್ಳುವ ಸೋದರಿಯರುಂಟು. ವಿಮಾನ ನಗರದಲ್ಲಿ ನೆಲೆಸಿರುವ ನಮ್ಮವರಿಗೆ ಇನ್ನೂ ಒಂದು ತೊಡಕು: ತಾಯ್ನುಡಿಯಲ್ಲೇ ಬಾಯಿಗೆ ಬಾರದ ಮಾತನ್ನು ಮರಾಠಿಯಲ್ಲೋ ಹಿಂದಿಯಲ್ಲೋ ವೈದ್ಯರಿಗೆ ಹೇಳುವುದೆಂತು? ಹೆಂಗಸರ ಆರೋಗ್ಯವನ್ನು ಕುರಿತು ಕನ್ನಡದಲ್ಲಿ ಸಂಕೋಚವಿಲ್ಲದೆ ಬರೆಯಬಹುದೆಂದು ಡಾ. ಅನುಪಮಾ ನಿರಂಜನ ಅವರು ತೋರಿಸಿಕೊಟ್ಟಿದ್ದಾರೆ. ಆ ಧೈರ್ಯದಿಂದಲೇ ನಾವು ಈ ನಾಲ್ಕು ಮಾತು ಬರೆಯುತ್ತಿದ್ದೇವೆ.

ಸೋಂಕು, ಹುಣ್ಣು, ಚರ್ಮರೋಗ ಯಾವುದೂ ಕಾಣದೆ ಮೂರು ತಿಂಗಳಿಗೂ ಮೀರಿ ಉಳಿಯುವ ಇಂಥ ನೋವನ್ನು ವೈದ್ಯರು ವಲ್ವೊಡೀನಿಯಾ ಎನ್ನುತ್ತಾರೆ. ಅಮೆರಿಕದ ಬಾಸ್ಟನ್ ಪ್ರದೇಶದ ಒಂದು ಸಮೀಕ್ಷೆ 2003ರಲ್ಲಿ ಪ್ರಕಟವಾಯಿತು. ಮೂರು ತಿಂಗಳಾದರೂ ಕಾಡಿದ ಇಂಥ ನೋವನ್ನು ಬಾಳಿನಲ್ಲಿ ಕಂಡಿದ್ದವರು 100ಕ್ಕೆ ಸುಮಾರು 16 ಮಂದಿ. ಅವರಲ್ಲಿ 100ಕ್ಕೆ ಸುಮಾರು 40 ಮಂದಿ ಚಿಕಿತ್ಸೆಗೇ ಹೋಗಿರಲಿಲ್ಲ. ನಾಚಿಕೆಯೆಂಬುದು ನಮ್ಮ ನಾಡೊಂದರ ಸೊತ್ತಲ್ಲ!

ಈ ನೋವಿಗೂ ಸ್ನಾಯುಗಳಿಗೂ ಏನು ಸಂಬಂಧ? ಸೊಂಟದ ತಳದಲ್ಲಿ, ಮುಂದಿನ ಎಲುಬಿನಿಂದ ಹಿಂದಿನ ಬಾಲಮೂಳೆಯವರೆಗೆ ಜೋಲಿಯಂತೆ ಹರಡಿದ ಸ್ನಾಯುಗಳಿವೆ. ಮೂತ್ರಕೋಶ, ಗರ್ಭಕೋಶಗಳಿಗೆ ಅವೇ ಆಸರೆ. ಮುಳ್ಳು ತುಳಿದ ಕಾಲು ತಾನಾಗಿ ಸೆಟೆದುಕೊಳ್ಳುವಂತೆ ಇವೂ ನೋವಿಗೆ ಹೆದರಿ ಬಿಗಿದುಕೊಳ್ಳಬಹುದು. ನೋವಿನಿಂದ ಬಿಗಿತ, ಬಿಗಿತದಿಂದ ಮತ್ತೆ ನೋವು.

ಸ್ನಾಯು ದುಡಿಯುವಾಗ ಅತಿಸೂಕ್ಷ್ಮವಾದ ವಿದ್ಯುತ್ತು ಹುಟ್ಟುತ್ತದೆ. ವೋಲ್ಟಿನ ಹತ್ತು ಲಕ್ಷದಲ್ಲೊಂದು ಪಾಲಾದ ಮೈಕ್ರೋವೋಲ್ಟಿನಲ್ಲಿ ಅದನ್ನು ಅಳೆಯುತ್ತಾರೆ. ಯೋನಿಯಲ್ಲಿರಿಸಿದ ಪುಟ್ಟ ಸಾಧನವೊಂದು ಅದನ್ನು ಗ್ರಹಿಸುತ್ತದೆ. ತೆರೆಯ ಮೇಲೆ ಗೆರೆ ಮೂಡುತ್ತದೆ. ಹೋವರ್ಡ್ ಗ್ಲೇಜರ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 33 ಹೆಂಗಸರು ಇಂಥ ಯಂತ್ರದ ನೆರವಿನಿಂದ ಸ್ನಾಯುವನ್ನು ಬಿಗಿದು ಸಡಿಲಿಸುವ ಅಭ್ಯಾಸವನ್ನು ಮನೆಯಲ್ಲೇ ಮಾಡಿದರು. ವಿಶ್ರಾಂತಿಯ ಹೊತ್ತಿನ ಬಿಗಿತವೂ ಗೆರೆಯ ತೂಗಾಟವೂ ತಗ್ಗಿದವು. ನೋವೂ ಬಹಳಮಟ್ಟಿಗೆ ಇಳಿಯಿತು.

ಹಾಗೆಂದು ಯಂತ್ರವನ್ನು ನ್ಯಾಯಾಧೀಶನ ಪೀಠದಲ್ಲಿ ಕೂರಿಸಬಾರದು. ಸಾಧನ ತುಸು ಸರಿದರೂ ಅಂಕಿ ಬದಲಾಗುತ್ತದೆ. ಪಕ್ಕದ ಸ್ನಾಯುಗಳ ವಿದ್ಯುತ್ತೂ ಬೆರೆಯುತ್ತದೆ. ಮುಂದಿನ ಅಧ್ಯಯನಗಳೆಲ್ಲ ಒಂದೇ ಮಾತು ಹೇಳಿಲ್ಲ. ಗೆರೆ ನೆಟ್ಟಗಿದ್ದ ಮಾತ್ರಕ್ಕೆ ನೋವು ಸುಳ್ಳಾಗದು. ಅಳತೆಯ ಉಪಯೋಗ ಬೇರೆ: ಕಣ್ಣಿಗೆ ಕಾಣದ ಸ್ನಾಯುವನ್ನು ತೋರಿಸಿ, ಅದಕ್ಕೆ ವಿಶ್ರಾಂತಿ ಕಲಿಸುವುದು. 2021ರಲ್ಲಿ ಪ್ರಕಟವಾದ ಕೆನಡಾದ ಪ್ರಯೋಗದಲ್ಲಿ 212 ಹೆಂಗಸರಿದ್ದರು. ತಿಳುವಳಿಕೆ, ಕೈಚಿಕಿತ್ಸೆ, ಯಂತ್ರದ ನೆರವಿನ ವ್ಯಾಯಾಮ ಇವೆಲ್ಲ ಸೇರಿದ 10 ವಾರಗಳ ಫಿಸಿಯೋಥೆರಪಿಯು ಲಿಡೊಕೇನ್ ಮುಲಾಮಿಗಿಂತ ಹೆಚ್ಚು ಗುಣ ಕೊಟ್ಟಿತು.

ಇದನ್ನೋದಿ ಯಾರೂ ತಾವಾಗಿಯೇ ಬಿಗಿಯುವ ವ್ಯಾಯಾಮಕ್ಕೆ ತೊಡಗಬಾರದು. ಬಿಗಿದ ಸ್ನಾಯುವಿಗೆ ಸಡಿಲಿಸುವುದೇ ಮೊದಲ ಪಾಠ. ಮೊದಲು ಸ್ತ್ರೀರೋಗ ತಜ್ಞರಲ್ಲಿ ತೋರಿಸಿ, ಬಳಿಕ ಈ ವಿಷಯ ಬಲ್ಲ ಫಿಸಿಯೋಥೆರಪಿಸ್ಟರನ್ನು ಕಾಣಬೇಕು. ಮನೆಯವರಾದ ನಮಗೂ ಒಂದು ಕೆಲಸವಿದೆ. ಮಗಳೋ ಸೊಸೆಯೋ ಧೈರ್ಯಮಾಡಿ ಬಾಯಿಬಿಟ್ಟಾಗ, “ಹೆಂಗಸರಿಗೆ ಇದೆಲ್ಲ ಇದ್ದದ್ದೇ” ಎಂದು ಅವಳ ಬಾಯಿ ಮುಚ್ಚಿಸದಿರೋಣ.