ಮೊದಲ ಪಿಸ್ತೂಲು: ಅಲ್ಪ ಹಣದಲ್ಲಿ ಆಯ್ಕೆ ಹೇಗೆ?

ಒಂದು ಕಿಲೋಗ್ರಾಂ ಸಕ್ಕರೆಯ ಪೊಟ್ಟಣವನ್ನು ಒಂದೇ ಕೈಯಲ್ಲಿ ಹಿಡಿದು, ತೋಳನ್ನು ಭುಜದ ಮಟ್ಟಕ್ಕೆ ನೇರವಾಗಿ ನೀಡಿ, ಅರ್ಧ ನಿಮಿಷ ನಿಂತು ನೋಡಿರಿ. ಮೊದಲ ಕೆಲವು ಸೆಕೆಂಡುಗಳ ಕಾಲ ಕೈ ನಿಮ್ಮ ಮಾತು ಕೇಳುವುದು. ಅನಂತರ ತನ್ನ ಇಚ್ಛೆಯಂತೆ ನಡುಗತೊಡಗುವುದು. ಹತ್ತು ಮೀಟರು ಗಾಳಿ ಪಿಸ್ತೂಲಿನ ಸ್ಪರ್ಧೆಯಲ್ಲಿ ಕ್ರೀಡಾಪಟುವು ಸರಿಸುಮಾರು ಇಷ್ಟೇ ಭಾರವನ್ನು ಹೀಗೆಯೇ ಅರುವತ್ತು ಸಲ ಎತ್ತಿ ಗುಂಡು ಹಾರಿಸಬೇಕು. ಎದುರಿನ ಗುರಿಹಲಗೆಯ ನಟ್ಟನಡುವೆ ಹತ್ತು ಅಂಕ ತರುವ ವೃತ್ತದ ವ್ಯಾಸ ೧೧.೫ ಮಿಲಿಮೀಟರು ಮಾತ್ರ, ಎಂದರೆ ಅಂಗಿಯ ಗುಂಡಿಯಷ್ಟು.

ಬೆಂಗಳೂರಿನ ಪಿ. ಎನ್. ಪ್ರಕಾಶ್ ೨೦೧೩ರ ವಿಶ್ವಕಪ್ ಪಂದ್ಯಗಳಲ್ಲಿ ಕಂಚಿನ ಪದಕ ಗಳಿಸಿದುದೂ, ೨೦೨೪ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಮನು ಭಾಕರ್ ಕಂಚು ಪಡೆದುದೂ ಈ ಸ್ಪರ್ಧೆಯಲ್ಲಿಯೇ. ಇಂಥ ಸುದ್ದಿ ಓದಿದ ಬಳಿಕ ತಾನೂ ಒಂದು ಪಿಸ್ತೂಲು ಕೊಳ್ಳಬೇಕೆಂಬ ಆಸೆ ವಿದ್ಯಾರ್ಥಿಗಳಲ್ಲಿ ಮೂಡುವುದು ಸಹಜ. ಆದರೆ ಸ್ಪರ್ಧೆಗೆಂದೇ ತಯಾರಾದ ವಿದೇಶೀ ಪಿಸ್ತೂಲುಗಳ ಬೆಲೆ ಒಂದು ಲಕ್ಷ ರೂಪಾಯಿಗಳನ್ನೂ ಮೀರುವುದುಂಟು. ಅಷ್ಟು ಹಣವಿಲ್ಲದವನು ಏನು ಮಾಡಬೇಕು?

ನನ್ನ ಪರಿಚಯದ ಕಾಲೇಜು ಹುಡುಗನೊಬ್ಬ ಪಾಠ ಹೇಳಿ ಕೂಡಿಟ್ಟ ಹಣವನ್ನೆಲ್ಲ ತೆತ್ತು ಒಂದು ಪಿಸ್ತೂಲನ್ನು ತಂದ. “ಇದರಷ್ಟು ವೇಗ ಬೇರೆ ಯಾವುದಕ್ಕೂ ಇಲ್ಲ” ಎಂಬುದೊಂದೇ ಅವನಿಗೆ ಅಂಗಡಿಯಲ್ಲಿ ದೊರೆತ ಶಿಫಾರಸು. ಎರಡು ತಿಂಗಳಲ್ಲಿ ಅದು ಕಪಾಟು ಸೇರಿತು. ಹುಡುಗನ ಕೈಯಲ್ಲಿ ದೋಷವಿರಲಿಲ್ಲ; ಅವನು ಬೇಡದ ಗುಣಕ್ಕೆ ಬೆಲೆ ತೆತ್ತಿದ್ದ.

ಲೆಕ್ಕ ಹಾಕಿ ನೋಡೋಣ. ಸೀಸದ ಗುಂಡಿನ ತೂಕ ಸುಮಾರು ಅರ್ಧ ಗ್ರಾಂ. ಸ್ಪರ್ಧೆಯ ಪಿಸ್ತೂಲಿನಿಂದ ಅದು ಹೊರಡುವ ವೇಗ ಸೆಕೆಂಡಿಗೆ ಸುಮಾರು ೧೫೦ ಮೀಟರು. ಹತ್ತು ಮೀಟರು ಕ್ರಮಿಸಲು ಅದಕ್ಕೆ ಸೆಕೆಂಡಿನ ಹದಿನೈದನೆಯ ಒಂದು ಭಾಗ ಸಾಕು. ಅಷ್ಟರಲ್ಲಿ ಭೂಮಿಯ ಆಕರ್ಷಣೆಯಿಂದ ಅದು ಇಳಿಯುವುದು ಎರಡು ಸೆಂಟಿಮೀಟರಿಗೆ ತುಸು ಹೆಚ್ಚು. ಈ ಇಳಿತ ಪ್ರತಿ ಸಲವೂ ಒಂದೇ ಆಗಿದ್ದರೆ ಗುರಿಯ ಕಚ್ಚನ್ನು ಒಮ್ಮೆ ಹೊಂದಿಸಿಕೊಂಡರೆ ಮುಗಿಯಿತು. ಕಾಗದವನ್ನು ತೂರಲು ಹೆಚ್ಚಿನ ಶಕ್ತಿ ಬೇಕಿಲ್ಲ. ಬೇಕಾದುದು ವೇಗವಲ್ಲ, ವೇಗದ ಏಕರೂಪತೆ.

ಸಿಡಿಮದ್ದಿನ ಪಿಸ್ತೂಲಿನೊಡನೆ ಇದನ್ನು ಹೋಲಿಸಿರಿ. ೯ ಮಿ.ಮೀ. ಪಿಸ್ತೂಲಿನ ಎಂಟು ಗ್ರಾಂ ಗುಂಡು ಸೆಕೆಂಡಿಗೆ ಸುಮಾರು ೩೫೦ ಮೀಟರು ವೇಗದಿಂದ ಹಾರುವುದು. ಅದರ ಸಂವೇಗ ನಮ್ಮ ಸೀಸದ ಗುಂಡಿನದರ ಮೂವತ್ತೈದು ಪಟ್ಟಿಗೂ ಹೆಚ್ಚು; ನ್ಯೂಟನ್ನನ ಮೂರನೆಯ ನಿಯಮದಂತೆ ಕೈಗೆ ಬೀಳುವ ಒದೆತವೂ ಅಷ್ಟೇ. ಹೊಸಬನು ಆ ಒದೆತಕ್ಕೂ ಸದ್ದಿಗೂ ಅಂಜಿ, ಗುಂಡು ಹೊರಡುವ ಮುನ್ನವೇ ಕೈ ಸೆಡೆಯುವ ಚಾಳಿ ಕಲಿಯುವನು. ಅದಲ್ಲದೆ ೧೯೫೯ರ ಶಸ್ತ್ರಾಸ್ತ್ರ ಕಾಯಿದೆಯಂತೆ ಅದಕ್ಕೆ ಲೈಸೆನ್ಸು ಅವಶ್ಯ. ಆದುದರಿಂದ ಮೊದಲ ಪಿಸ್ತೂಲು ೪.೫ ಮಿ.ಮೀ. ಗಾಳಿ ಪಿಸ್ತೂಲೇ ಆಗಿರುವುದು ಲೇಸು.

ಹಣವನ್ನು ಯಾವುದಕ್ಕೆ ವ್ಯಯಿಸಬೇಕು? ಮೊದಲನೆಯದಾಗಿ ಕುದುರೆಗೆ, ಎಂದರೆ ಬೆರಳು ಎಳೆಯುವ ಟ್ರಿಗರಿಗೆ. ಪಿಸ್ತೂಲಿನ ಮುಂದಿನ ಗುರಿಗೂಟಕ್ಕೂ ಹಿಂದಿನ ಕಚ್ಚಿಗೂ ಮೂವತ್ತು ಸೆಂಟಿಮೀಟರು ಅಂತರವಿದೆ ಎಂದಿಟ್ಟುಕೊಳ್ಳಿರಿ. ಗೂಟವು ೦.೩ ಮಿಲಿಮೀಟರು, ಅಂದರೆ ನಾಲ್ಕು ಕೂದಲೆಳೆಗಳ ದಪ್ಪದಷ್ಟು, ಪಕ್ಕಕ್ಕೆ ಸರಿದರೆ ಗುಂಡು ಹತ್ತು ಮಿಲಿಮೀಟರು ಆಚೆ ಬೀಳುವುದು. ಹತ್ತರ ಅಂಕ ತಪ್ಪಿಹೋಗುವುದು. ಸ್ಪರ್ಧೆಯ ನಿಯಮದಂತೆ ಕುದುರೆಯ ಎಳೆತ ೫೦೦ ಗ್ರಾಂಗಿಂತ ಕಡಿಮೆಯಿರಬಾರದು. ಒಳ್ಳೆಯ ಪಿಸ್ತೂಲುಗಳಲ್ಲಿ ಅದನ್ನು ಇದರ ಸಮೀಪಕ್ಕೆ ಹೊಂದಿಸಬಹುದು. ಅಗ್ಗದವುಗಳಲ್ಲಿ ಎರಡು ಕಿಲೋಗ್ರಾಮಿನಷ್ಟು ಬಲ ಬೇಕಾಗುವುದುಂಟು. ಒಂದು ಕಿಲೋಗ್ರಾಂ ತೂಕದ ವಸ್ತುವನ್ನು ಅದರ ಇಮ್ಮಡಿ ಬಲದಿಂದ ಎಳೆಯುತ್ತ ಅಲುಗಿಸದಿರುವುದು ಯಾರಿಗೆ ಸಾಧ್ಯ?

ಎರಡನೆಯದು ಗುಂಡನ್ನು ತಳ್ಳುವ ಯಂತ್ರ. ಸ್ಪ್ರಿಂಗಿನ ಪಿಸ್ತೂಲು ಅಗ್ಗ, ಬಹುಕಾಲ ಬಾಳುವಂಥದು. ಆದರೆ ಗುಂಡು ನಳಿಗೆಯನ್ನು ಬಿಡುವ ಮುನ್ನವೇ ಒಳಗಿನ ಭಾರವಾದ ಪಿಸ್ಟನ್ನು ಮುಂದಕ್ಕೆ ನುಗ್ಗಿ ಕೊನೆಗೆ ಬಡಿಯುವುದರಿಂದ ಪಿಸ್ತೂಲು ಹಿಂದಕ್ಕೂ ಮುಂದಕ್ಕೂ ಕುಲುಕುವುದು. (ನಮ್ಮ ಹುಡುಗ ಕೊಂಡುದು ಇದನ್ನೇ.) ಜರ್ಮನಿಯ ಫೈನ್‌ವೆರ್ಕ್‌ಬೌ ೬೫ ಎಂಬ ಹಳೆಯ ಮಾದರಿಯಲ್ಲಿ ಯಂತ್ರವೆಲ್ಲ ಹಳಿಯ ಮೇಲೆ ಜಾರುವಂತೆ ಮಾಡಿ ಈ ಕುಲುಕನ್ನು ಜಾಣತನದಿಂದ ನಿವಾರಿಸಿದ್ದಾರೆ.

ಇಂಗಾಲದ ಡೈ ಆಕ್ಸೈಡು ತುಂಬಿದ ಪಿಸ್ತೂಲು ಕುಲುಕುವುದಿಲ್ಲ. ಅದರ ತೊಡಕು ಉಷ್ಣತೆಯದು. ಸೊನ್ನೆ ಡಿಗ್ರಿಯಲ್ಲಿ ದ್ರವದ ಮೇಲಿನ ಅನಿಲದ ಒತ್ತಡ ವಾಯುಮಂಡಲದ ಸುಮಾರು ೩೪ ಪಟ್ಟು, ೨೦ ಡಿಗ್ರಿಯಲ್ಲಿ ಸುಮಾರು ೫೬ ಪಟ್ಟು. ೩೧ ಡಿಗ್ರಿ ದಾಟಿದರೆ ದ್ರವವೇ ಉಳಿಯದು. ಕಲಬುರಗಿಯ ಬೇಸಗೆಯಲ್ಲಿಯೂ ಮಡಿಕೇರಿಯ ಚಳಿಯಲ್ಲಿಯೂ ಒಂದೇ ಪಿಸ್ತೂಲು ಎರಡು ಬಗೆಯಾಗಿ ವರ್ತಿಸುವುದು.

ಈಗಿನ ಶ್ರೇಷ್ಠ ಪಿಸ್ತೂಲುಗಳಲ್ಲಿ ಸುಮಾರು ಇನ್ನೂರು ವಾಯುಮಂಡಲಗಳ ಒತ್ತಡದ ಗಾಳಿ ತುಂಬಿದ ಕೊಳವೆಯಿರುತ್ತದೆ. ಅವು ಉತ್ತಮವೇ ಸರಿ. ಆದರೆ ಗಾಳಿ ತುಂಬಲು ಬೇರೆ ಸಿಲಿಂಡರೋ ಪಂಪೋ ಬೇಕು. ಅಲ್ಪ ಹಣದವನಿಗೆ ನನ್ನ ಸಲಹೆ, ಸನ್ನೆಯ ಒಂದೇ ಎಳೆತದಿಂದ ಗಾಳಿಯನ್ನು ಅದುಮಿಡುವ ಮಾದರಿ. ರಷ್ಯದ ಇಜೆವ್‌ಸ್ಕ್‌ನಲ್ಲಿ ತಯಾರಾದ ಬೈಕಾಲ್ ಐಜೆಡ್‌ಎಚ್ ೪೬ ಇಂಥದು. ಪ್ರತಿ ಸಲವೂ ಅದೇ ಪ್ರಮಾಣದ ಗಾಳಿ, ಅದೇ ವೇಗ, ಕುಲುಕಾಟವಿಲ್ಲ. ಸನ್ನೆ ಎಳೆಯಲು ತೋಳಿಗೆ ತುಸು ಶ್ರಮ, ಅಷ್ಟೇ. ಹೊಸ ಸ್ಪ್ರಿಂಗಿನ ಪಿಸ್ತೂಲಿಗಿಂತ ಹಳೆಯದಾದರೂ ಇಂಥದೇ ಮೇಲು.

ಹಿಡಿಯ ವಿಷಯದಲ್ಲಿ ಚಿಂತೆ ಬೇಡ. ಮರದ ಹಿಡಿಯನ್ನು ಅರದಿಂದ ಉಜ್ಜಿ, ಟೊಳ್ಳಾದ ಕಡೆ ಮರದ ಲಪ್ಪ ಮೆತ್ತಿ, ನಿಮ್ಮ ಅಂಗೈಗೆ ಹೊಂದಿಸಿಕೊಳ್ಳಬಹುದು. ಎಡಗೈಯವರು ಮಾತ್ರ ಮೊದಲೇ ವಿಚಾರಿಸಬೇಕು.

ಕೊಳ್ಳುವ ಮುನ್ನ ಕೆಲವು ತಿಂಗಳು ತರಬೇತಿ ಕೇಂದ್ರದ ಪಿಸ್ತೂಲಿನಿಂದಲೇ ಅಭ್ಯಾಸ ಮಾಡಿರಿ. ಹಳೆಯದನ್ನು ಕೊಳ್ಳುವುದಾದರೆ ಅಲ್ಲಿಯೇ, ಗುರುಗಳ ಸಮ್ಮುಖದಲ್ಲಿ ಪರೀಕ್ಷಿಸಿರಿ; ಕಣ್ಣಿಗೆ ಕನ್ನಡಕವಿರಲಿ. ಸನ್ನೆ ಎಳೆದೊಡನೆ ಐದು ಗುಂಡು ಹಾರಿಸಿ. ಬಳಿಕ, ನಳಿಗೆಯನ್ನು ಗುರಿಹಲಗೆಯ ಕಡೆಗೇ ಇರಿಸಿ, ಗಾಳಿ ಅದುಮಿದ ಮೇಲೆ ಎರಡೆರಡು ನಿಮಿಷ ತಡೆದು ಇನ್ನೈದು ಹಾರಿಸಿ. ಎರಡನೆಯ ಗುಂಪು ಮೊದಲನೆಯದಕ್ಕಿಂತ ಕೆಳಗೆ ಬಿದ್ದಿದ್ದರೆ ಒಳಗಿನ ರಬ್ಬರು ಬಳೆ ಸವೆದು ಗಾಳಿ ಸೋರುತ್ತಿದೆಯೆಂದು ತಿಳಿಯಿರಿ. ಅದನ್ನು ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆದು ಕೇಳಿರಿ. ಸೀಸ ಮುಟ್ಟಿದ ಕೈಯನ್ನು ತಿಂಡಿಗೆ ಮೊದಲು ತೊಳೆಯಲು ಮರೆಯಬೇಡಿರಿ.