ಅಂಕಿತ ಕಳಚಿದ ಮಾತು

ವಚನವೊಂದನ್ನು ಕೈಗೆತ್ತಿಕೊಂಡ ಅಭ್ಯಾಸಿಯು ಮೊದಲು ನೋಡುವುದು ಅದರ ಕೊನೆಯನ್ನು. ಕೂಡಲಸಂಗಮದೇವ ಎಂದಿದ್ದರೆ ಬಸವಣ್ಣನವರದು, ಗುಹೇಶ್ವರ ಎಂದಿದ್ದರೆ ಪ್ರಭುದೇವರದು, ಚೆನ್ನಮಲ್ಲಿಕಾರ್ಜುನ ಎಂದಿದ್ದರೆ ಅಕ್ಕಮಹಾದೇವಿಯದು. ಆಡಿದ ಮಾತಿಗೆ ತನ್ನ ಇಷ್ಟದೈವವನ್ನೇ ಸಾಕ್ಷಿಯಾಗಿ ನಿಲ್ಲಿಸುವ ಈ ಕ್ರಮವನ್ನು ಶರಣರು ಲಘುವಾಗಿ ಬಳಸಿದವರಲ್ಲ. ಮುಂದೆ ಆ ವಚನಗಳನ್ನು ತಾಡವೋಲೆಗೆ ಏರಿಸಿದ ಲಿಪಿಕಾರರಲ್ಲಿಯೂ ಇದೇ ಎಚ್ಚರವನ್ನು ಕಾಣಬಹುದು. ಅನೇಕ ಓಲೆಕಟ್ಟುಗಳ ಕೊನೆಯಲ್ಲಿ ಬರೆದವನ ಹೆಸರು, ಸಂವತ್ಸರ, ತಿಥಿ, ಯಾರಿಗಾಗಿ ಬರೆದುದು ಎಂಬ ವಿವರಗಳಿರುತ್ತವೆ. ಕೈತಪ್ಪು ಇದ್ದರೆ ತಿದ್ದಿಕೊಳ್ಳಬೇಕೆಂಬ ವಿನಯದ ಬಿನ್ನಹವೂ ಇರುತ್ತದೆ. ಹೀಗೆ ಮಾತು ಕೈಯಿಂದ ಕೈಗೆ ಸಾಗುವಾಗ, ಆಡಿದವನ ಗುರುತೂ ಸಾಗಿಸಿದವನ ಗುರುತೂ ಅದರೊಡನೆಯೇ ಸಾಗುತ್ತಿದ್ದವು.

ಅಂತರ್ಜಾಲವೂ ಸಾಮಾಜಿಕ ಜಾಲತಾಣಗಳೂ ಮನುಷ್ಯರ ಪರಸ್ಪರ ನಂಬಿಕೆಯನ್ನು ಹೇಗೆ ಬದಲಿಸಿವೆ ಎಂಬ ಪ್ರಶ್ನೆಯನ್ನು ಈ ಹಿನ್ನೆಲೆಯಲ್ಲಿ ವಿಚಾರಿಸುವುದು ಉಚಿತ. ವಾಟ್ಸಾಪಿನಲ್ಲಿ ಬಂದ ಸಂದೇಶವನ್ನು ಒಬ್ಬನು ಮುಂದಕ್ಕೆ ಕಳುಹಿಸಿದಾಗ, ಅದನ್ನು ಮೊದಲು ಬರೆದವನ ಹೆಸರು ಅದರೊಡನೆ ಹೋಗುವುದಿಲ್ಲ. ಪಡೆದವನಿಗೆ ಕಾಣುವುದು ಕಳುಹಿಸಿದವನ ಹೆಸರು ಮಾತ್ರ: ಅಣ್ಣ, ಭಾವ, ನೆರೆಯ ಗುರುಗಳು, ಊರಿನ ಹಿರಿಯರು. ಬರೆದವನ ಮೇಲೆ ಇಡಬೇಕಾಗಿದ್ದ ನಂಬಿಕೆಯು ತಂದುಕೊಟ್ಟವನ ಮೇಲೆ ನೆಲೆಗೊಳ್ಳುತ್ತದೆ. ತಂದವನಾದರೋ ತಾನು ಬರೆದುದಲ್ಲವಾದ್ದರಿಂದ ಅದಕ್ಕೆ ಹೊಣೆಯಲ್ಲ ಎಂದು ಭಾವಿಸಿರುತ್ತಾನೆ. ಹೊಣೆ ಹೊರುವವರಿಲ್ಲದ ಮಾತಿಗೆ ಬಂಧುವಿನ ಮಾತಿನ ಗೌರವ ದೊರೆಯುವುದು ಹೀಗೆ.

ಇದರ ಪರಿಣಾಮವೆಷ್ಟು ಘೋರವಾಗಬಲ್ಲದೆಂಬುದಕ್ಕೆ 2018ನೆಯ ವರ್ಷವೇ ಸಾಕ್ಷಿ. ಆ ವರ್ಷ ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿಯು ದೇಶದ ಹಲವು ಭಾಗಗಳಲ್ಲಿ ಹಬ್ಬಿತು. ಅದರೊಡನೆ ಹರಿದಾಡಿದ ಚಿತ್ರಿಕೆಯೊಂದರಲ್ಲಿ ಮೋಟಾರು ಸೈಕಲ್ಲಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯವಿತ್ತು. ವಸ್ತುತಃ ಅದು ಪಾಕಿಸ್ತಾನದ ಕರಾಚಿಯಲ್ಲಿ, ಮಕ್ಕಳ ರಕ್ಷಣೆಯ ವಿಷಯದಲ್ಲಿ ಪೋಷಕರನ್ನು ಎಚ್ಚರಿಸುವುದಕ್ಕಾಗಿ ನಟರಿಂದ ಮಾಡಿಸಿದ ಕಿರುಚಿತ್ರ. ಅದರ ಕೊನೆಯಲ್ಲಿ ಸವಾರರು ಮಗುವನ್ನು ಮರಳಿ ತಂದುಬಿಡುತ್ತಾರೆ, ಎಚ್ಚರಿಕೆಯ ಫಲಕವನ್ನು ತೋರಿಸುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿಬಿಟ್ಟರು. ವಚನದಿಂದ ಅಂಕಿತವನ್ನು ಕಿತ್ತಂತೆಯೇ ಆಯಿತು. ಎಚ್ಚರಿಸಲು ಹುಟ್ಟಿದುದು ಹೆದರಿಸಲು ಹೊರಟಿತು.

ಆ ವರ್ಷದ ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನಪಾಡಾ ಎಂಬಲ್ಲಿ ನಾಥಪಂಥದ ಡವರಿ ಗೋಸಾವಿ ಸಮುದಾಯದ ಐವರನ್ನು ಜನರು ಹೊಡೆದು ಕೊಂದರು. ಭಿಕ್ಷಾಟನೆಯೇ ಆ ಸಮುದಾಯದ ಸಾಂಪ್ರದಾಯಿಕ ವೃತ್ತಿ. ಮಡಿದವರಲ್ಲಿ ಹಲವರು ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ತಾಲ್ಲೂಕಿನವರು. ಬಸವಣ್ಣನವರು ಬಿಜ್ಜಳನ ಬಳಿ ಕರಣಿಕರಾಗಿ ಕಾಯಕವನ್ನು ಆರಂಭಿಸಿದರೆಂದು ಪರಂಪರೆಯು ಹೇಳುವ ಮಂಗಳವಾಡವು ಇದೇ. ಇದಾದ ಎರಡು ವಾರಗಳೊಳಗೆ, ಜುಲೈ 13ರಂದು, ಕಲ್ಯಾಣವಿರುವ ಬೀದರ ಜಿಲ್ಲೆಯಲ್ಲಿಯೇ ಇಂತಹ ಮತ್ತೊಂದು ಕೃತ್ಯ ನಡೆಯಿತು. ಹೈದರಾಬಾದಿನಿಂದ ಬಂದಿದ್ದ ಕೆಲವು ಸ್ನೇಹಿತರು ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕಲೇಟು ಕೊಟ್ಟರು. ಅದೇ ಸಂಶಯಕ್ಕೆ ಕಾರಣವಾಯಿತು. ಅವರ ಕಾರು ಮುರ್ಕಿ ಗ್ರಾಮವನ್ನು ಮುಟ್ಟುವ ಮೊದಲೇ ವಾಟ್ಸಾಪಿನ ಸಂದೇಶವು ಅಲ್ಲಿಗೆ ಮುಟ್ಟಿತ್ತು. ದಾರಿಗೆ ಅಡ್ಡಗಟ್ಟಿದರು, ಕಾರು ಉರುಳಿತು, ಗುಂಪು ಮೇಲೆ ಬಿದ್ದಿತು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು. ಒಬ್ಬ ಯುವಕನು ಪ್ರಾಣ ಬಿಟ್ಟನು. ಅವನೊಡನಿದ್ದವರು ತೀವ್ರವಾಗಿ ಗಾಯಗೊಂಡರು. ಮಗುವಿಗೆ ಸಿಹಿ ಕೊಡುವುದೂ ಮನೆಯ ಮುಂದೆ ಭಿಕ್ಷೆಗೆ ನಿಲ್ಲುವುದೂ ಅಪರಾಧದ ಚಿಹ್ನೆಗಳಾದವು! ಜಂಗಮನನ್ನು ಕಂಡು ಬಾಗಿಲು ತೆರೆದ ನಾಡಿನಲ್ಲಿ ಇದನ್ನು ಓದುವುದು ಸುಲಭವಲ್ಲ.

ಆ ಹಳ್ಳಿಗರು ಹುಟ್ಟು ಕ್ರೂರಿಗಳಾಗಿದ್ದರೆಂದು ಹೇಳುವುದು ಸಾಧುವಲ್ಲ. ಸುಳ್ಳಿನ ಓಟಕ್ಕೆ ಮನುಷ್ಯಸ್ವಭಾವದಲ್ಲಿಯೇ ಬೇರುಗಳಿವೆ. ಅಮೆರಿಕದ ಮಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ವಿದ್ವಾಂಸರು 2006ರಿಂದ 2017ರವರೆಗೆ ಟ್ವಿಟರಿನಲ್ಲಿ ಹಬ್ಬಿದ ಸುಮಾರು 1,26,000 ವಾರ್ತೆಗಳನ್ನು ಪರಿಶೀಲಿಸಿ 2018ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸುಳ್ಳು ವಾರ್ತೆಯು ಮರುಹಂಚಿಕೆಯಾಗುವ ಸಂಭವವು ನಿಜವಾರ್ತೆಗಿಂತ ನೂರಕ್ಕೆ 70ರಷ್ಟು ಹೆಚ್ಚೆಂದೂ, 1,500 ಜನರನ್ನು ಮುಟ್ಟಲು ನಿಜಕ್ಕೆ ಸುಳ್ಳಿಗಿಂತ ಸುಮಾರು ಆರು ಪಟ್ಟು ಕಾಲ ಹಿಡಿಯುವುದೆಂದೂ ಅವರು ಕಂಡರು. ಯಂತ್ರಚಾಲಿತ ಖಾತೆಗಳು ನಿಜವನ್ನೂ ಸುಳ್ಳನ್ನೂ ಸರಿಸುಮಾರು ಸಮವಾಗಿಯೇ ಹಬ್ಬಿಸಿದ್ದವು. ಭೇದ ಮಾಡಿದವರು ಮನುಷ್ಯರು. ಸುಳ್ಳಿನಲ್ಲಿ ಹೊಸತನವೂ ಬೆರಗೂ ಹೆಚ್ಚೆಂಬುದು ಅವರು ಸೂಚಿಸಿದ ಕಾರಣ.

ವಾಟ್ಸಾಪ್ ಸಂಸ್ಥೆಯು 2018ರ ಜುಲೈಯಲ್ಲಿ ಮರುಕಳುಹಿಸಿದ ಸಂದೇಶಕ್ಕೆ ಗುರುತು ಹಚ್ಚತೊಡಗಿತು. ಅದೇ ತಿಂಗಳು, ಭಾರತದಲ್ಲಿ ಒಮ್ಮೆಗೆ ಐದು ಕಡೆಗೆ ಮಾತ್ರ ಕಳುಹಿಸಬಹುದೆಂಬ ಮಿತಿಯನ್ನು ಪ್ರಕಟಿಸಿತು. ಬಹಳ ಕೈ ದಾಟಿದ ಸಂದೇಶಕ್ಕೆ 2020ರ ಏಪ್ರಿಲಿನಲ್ಲಿ ಆ ಮಿತಿಯನ್ನು ಒಂದಕ್ಕೆ ಇಳಿಸಿತು. ಓಟದ ವೇಗವನ್ನು ಇದು ತಗ್ಗಿಸಿತೆಂಬುದು ನಿಜ. ಆದರೆ ಮಾತು ಹಲವರ ಕೈ ದಾಟಿ ಬಂದಿದೆ ಎಂದು ತಿಳಿಸುವ ಆ ಗುರುತು, ಯಾರ ಬಾಯಿಂದ ಹೊರಟಿತೆಂದು ತಿಳಿಸುವುದಿಲ್ಲ. ಓಟವನ್ನು ಅಳೆಯುವ ಗುರುತು ಅದು. ಅಂಕಿತದ ಕೆಲಸವನ್ನು ಮಾಡಲಾರದು.

ವಚನಗಳ ಹೆಸರಿನಲ್ಲಿ ಹರಿದಾಡುವ ಸಂದೇಶಗಳಲ್ಲಿ ಕೆಡುಕು ವಿಲೋಮವಾಗಿದೆ. ಇಲ್ಲಿ ಅಂಕಿತವನ್ನು ಕೀಳುವುದಿಲ್ಲ, ಅಂಟಿಸುತ್ತಾರೆ. ಯಾವುದೋ ಸುಭಾಷಿತಕ್ಕೆ ಕೂಡಲಸಂಗಮದೇವನನ್ನು ಜೋಡಿಸಿ, ಬಸವಣ್ಣನವರ ಚಿತ್ರದೊಡನೆ ಕಳುಹಿಸಿದರೆ ಭಕ್ತರು ಕೈಮುಗಿದು ಮುಂದಕ್ಕೆ ಸಾಗಿಸುತ್ತಾರೆ. ಭಕ್ತಿಯೇ ಇಲ್ಲಿ ಪರೀಕ್ಷೆಯನ್ನು ತಡೆಯುತ್ತದೆ. ಪ್ರಕ್ಷಿಪ್ತ ವಚನಗಳು ಓಲೆಗಳಲ್ಲಿಯೂ ಇದ್ದವು. ಆದರೆ ಪ್ರತಿಯಿಂದ ಪ್ರತಿಗೆ ಹೋಲಿಸಿ ಅವುಗಳನ್ನು ಬೇರ್ಪಡಿಸುವ ವ್ಯವಧಾನವು ವಿದ್ವಾಂಸರಿಗಿತ್ತು. ಫ.ಗು. ಹಳಕಟ್ಟಿಯವರು ಊರೂರು ಅಲೆದು ಓಲೆಗಳನ್ನು ಕೂಡಿಹಾಕಿ 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದಂದಿನಿಂದ ಆ ಶ್ರಮ ನಡೆದುಬಂದಿದೆ.

ಸಾಹಿತ್ಯದ ವಿದ್ಯಾರ್ಥಿಯು ಸ್ವತಃ ಮಾಡಬಹುದಾದ ಪರೀಕ್ಷೆಗಳೂ ಇವೆ. ಜವಾಬ್ದಾರಿ, ಖುಷಿ ಮೊದಲಾದ ಪಾರಸಿ ಮೂಲದ ಶಬ್ದಗಳು ಸುಲ್ತಾನರ ಆಳಿಕೆಯ ಮುಂದಿನ ಕಾಲದಲ್ಲಿ ಕನ್ನಡದೊಳಗೆ ಬೆರೆತವು. ಮೆಣಸಿನಕಾಯಿಯೂ ಹೊಗೆಸೊಪ್ಪೂ ಪೋರ್ಚುಗೀಸರ ಹಿಂದೆ ಬಂದವು. ಇವು ಕಾಣಿಸಿಕೊಂಡ ವಚನವು ಹನ್ನೆರಡನೆಯ ಶತಮಾನದ್ದಾಗಲಾರದು. ಕೂಡಲಚೆನ್ನಸಂಗಯ್ಯನೆಂಬ ಚೆನ್ನಬಸವಣ್ಣನವರ ಅಂಕಿತವನ್ನು ಬಸವಣ್ಣನವರದೆಂದು ಬಗೆದಿದ್ದರೆ, ಕಳುಹಿಸಿದವನು ಮೂಲವನ್ನು ನೋಡಿಲ್ಲವೆಂದೇ ಅರ್ಥ. ಕೊನೆಯದಾಗಿ, ಕರ್ನಾಟಕ ಸರ್ಕಾರವು 1993ರಲ್ಲಿ 15 ಸಂಪುಟಗಳಲ್ಲಿ ಹೊರತಂದ ಸಮಗ್ರ ವಚನ ಸಂಪುಟಗಳಿವೆ. ವಚನಗಳನ್ನು ಶಬ್ದ ಹಿಡಿದು ಹುಡುಕುವ ಅನುಕೂಲವು ಇಂದು ಅದೇ ಅಂತರ್ಜಾಲದಲ್ಲಿ ಒದಗಿದೆ. ಸಂದೇಶವನ್ನು ತಂದ ಮೊಬೈಲಿನಲ್ಲಿಯೇ ನಿಮಿಷದೊಳಗೆ ಶೋಧಿಸಬಹುದು. ಅಲ್ಲಿ ದೊರೆಯದ ಮಾತ್ರಕ್ಕೆ ಅದು ಕೃತಕವೆಂದು ತೀರ್ಮಾನಿಸಲಾಗದು, ಹೊಸ ಓಲೆಕಟ್ಟು ಎಲ್ಲಿಯಾದರೂ ದೊರೆತೀತು. ಆ ಕಟ್ಟು ಯಾವ ಮನೆಯದು, ಯಾವ ಮಠದ್ದು ಎಂದು ಕಳುಹಿಸಿದವರನ್ನು ಕೇಳುವುದಕ್ಕೆ ಅಡ್ಡಿಯಿಲ್ಲ.