ನೆಟ್ ಇಲ್ಲದ ರೂಮಿನಲ್ಲಿ ಲಿನಕ್ಸ್ ಹಾಕಿಕೊಳ್ಳೋದು

ಜಪಾನಿಗೆ ಬಂದ ಹೊಸದರಲ್ಲಿ ನಮ್ಮಲ್ಲಿ ತುಂಬಾ ಜನಕ್ಕೆ ಆಗೋ ಅನುಭವ ಇದು: ರೂಮಿನ ಬೀಗದ ಕೈ ಸಿಗುತ್ತೆ, ನೀರು, ಗ್ಯಾಸ್ ಎಲ್ಲಾ ಬರುತ್ತೆ, ಇಂಟರ್ನೆಟ್ ಮಾತ್ರ ಬರಲ್ಲ. ಫೈಬರ್ ಲೈನ್ ಎಳೆಯೋ "ಕೋಜಿ"ಗೆ ನನಗೆ ಸಿಕ್ಕ ದಿನಾಂಕ ಮೂರು ವಾರದ ಆಚೆಗಿತ್ತು. ಫೋನಿನ ಪ್ಲಾನ್ ತಿಂಗಳಿಗೆ 3 ಜಿಬಿ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಊರಿಗೆ ವಿಡಿಯೋ ಕಾಲ್ ಮಾಡಿಯೇ ಮುಗಿದಿತ್ತು.

ಇದು 2025ರ ಅಕ್ಟೋಬರ್ ಕೊನೆಯ ಮಾತು. ಆ ತಿಂಗಳು 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ನಿಂತಿತ್ತು. ವಿಂಡೋಸ್ 11 ಒಪ್ಪದ ಹಳೇ ಆಫೀಸ್ ಲ್ಯಾಪ್‌ಟಾಪ್ ಒಂದು ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಕ್ತು. ಸೋಮವಾರ ನನ್ನ ಮೊದಲ ಸೆಮಿನಾರ್. ಸೆನ್ಸೇಯ ಮುಂದೆ ತೋರಿಸಬೇಕಾದ ಸಿಮ್ಯುಲೇಶನ್ ಕೋಡ್ ಓಡೋದು ಲಿನಕ್ಸ್‌ನಲ್ಲಿ ಮಾತ್ರ. ಶುಕ್ರವಾರ ರಾತ್ರಿ ಕೂತೆ.

ಮಾಡಿದ ತಪ್ಪು ಒಂದೇ: ಪೆನ್‌ಡ್ರೈವ್‌ನಲ್ಲಿ ಇದ್ದದ್ದು ಡೆಬಿಯನ್‌ನ "ನೆಟ್‌ಇನ್‌ಸ್ಟ್" ಇಮೇಜ್. ಒಂದು ಜಿಬಿಗೂ ಕಡಿಮೆ, ಬೇಗ ಡೌನ್‌ಲೋಡ್ ಆಗುತ್ತೆ ಅಂತ ಅದನ್ನೇ ಹಾಕ್ಕೊಂಡಿದ್ದೆ. ಅದರೊಳಗೆ ಇರೋದು ಬುಡದ ಸಿಸ್ಟಮ್ ಅಷ್ಟೇ. ಡೆಸ್ಕ್‌ಟಾಪ್, ಬ್ರೌಸರ್, ಆಫೀಸ್ ಎಲ್ಲವನ್ನೂ ಅದು ಇನ್‌ಸ್ಟಾಲ್ ಮಾಡುವಾಗ ನೆಟ್‌ನಿಂದ ಎಳ್ಕೊಳ್ಳುತ್ತೆ. ಮೋಸ ಏನಂದ್ರೆ, ನೆಟ್ ಇಲ್ಲ ಅಂತ ಅದು ಅಲ್ಲೇ ನಿಲ್ಲಲ್ಲ. "ಸದ್ಯಕ್ಕೆ ನೆಟ್‌ವರ್ಕ್ ಬೇಡ" ಅಂತ ಆರಿಸಿದ್ರೆ ಸುಮ್ಮನೆ ಮುಂದೆ ಹೋಗುತ್ತೆ, ಡಿಸ್ಕ್ ಒರೆಸುತ್ತೆ, ಕೊನೆಗೆ ಕಪ್ಪು ಪರದೆ ಮೇಲೆ "ಲಾಗಿನ್" ಅಂತ ಒಂದು ಸಾಲು ತೋರಿಸುತ್ತೆ. ಅಷ್ಟು ಹೊತ್ತಿಗೆ ವಿಂಡೋಸೂ ಇಲ್ಲ, ಲಿನಕ್ಸೂ ಇದ್ದೂ ಇಲ್ಲದ ಹಾಗೆ.

ನೆಟ್ ಇಲ್ಲದ ಕಡೆಗೆ ಬೇಕಾದದ್ದು ಡಿವಿಡಿ ಇಮೇಜ್. ಡೆಬಿಯನ್‌ನಲ್ಲಿ ಮೊದಲ ಡಿವಿಡಿ ಒಂದೇ ಸಾಕು, 4 ಜಿಬಿ ಹತ್ತಿರ ಇರುತ್ತೆ, ಪೂರ್ತಿ ಡೆಸ್ಕ್‌ಟಾಪ್ ಅದರಲ್ಲೇ ಇದೆ. ಉಬುಂಟು ಡೆಸ್ಕ್‌ಟಾಪ್ ಇಮೇಜ್ ಆದ್ರೂ ಸರಿ, ಅದಕ್ಕೂ ನೆಟ್ ಬೇಕಾಗಿಲ್ಲ. ಶನಿವಾರ ಬೆಳಿಗ್ಗೆ ಲ್ಯಾಬಿಗೆ ಹೋಗಿ ಸೆನ್‌ಪಾಯ್ ಒಬ್ಬರ ಕಂಪ್ಯೂಟರ್ ಕೇಳಿ ಇಳಿಸಿಕೊಂಡೆ. ಜಪಾನಿನಲ್ಲಿ ಇದು ಸುಲಭ. ಇಶಿಕಾವಾದಲ್ಲಿರೋ ಜೈಸ್ಟ್ ವಿಶ್ವವಿದ್ಯಾಲಯ, ರೀಕೆನ್ ಸಂಶೋಧನಾ ಸಂಸ್ಥೆ ಎರಡೂ ಲಿನಕ್ಸ್ ಇಮೇಜ್‌ಗಳ ಮಿರರ್ ಇಟ್ಟಿವೆ. ಇಳಿಸಿದ ಮೇಲೆ ಚೆಕ್‌ಸಮ್ ನೋಡಿ, ಐದು ನಿಮಿಷದ ಕೆಲಸ. ಆಮೇಲೆ ಫೈಲನ್ನು ಪೆನ್‌ಡ್ರೈವಿಗೆ ಬರೀ ಕಾಪಿ ಮಾಡಿದ್ರೆ ಬೂಟ್ ಆಗಲ್ಲ. ರೂಫಸ್ ತರಹದ ಪ್ರೋಗ್ರಾಂನಿಂದ ಬರೀಬೇಕು.

"ಕ್ಯಾಂಪಸ್‌ನಲ್ಲಿ ವೈಫೈ ಇದೆಯಲ್ಲ, ಲ್ಯಾಪ್‌ಟಾಪ್ ಅಲ್ಲಿಗೇ ತಗೊಂಡು ಹೋಗಿ ನೆಟ್‌ಇನ್‌ಸ್ಟ್ ಮುಗಿಸಬಹುದಿತ್ತಲ್ಲ?" ಅಂತ ಕೇಳ್ತೀರ. ನಾನೂ ಹಾಗೇ ಅಂದುಕೊಂಡಿದ್ದೆ. ಎಡುರೋಮ್‌ಗೆ ಯೂಸರ್‌ನೇಮ್, ಪಾಸ್‌ವರ್ಡ್ ಎರಡೂ ಬೇಕು. ಡೆಬಿಯನ್ ಇನ್‌ಸ್ಟಾಲರ್‌ಗೆ ಗೊತ್ತಿರೋದು ಮನೆ ವೈಫೈ ತರಹ ಒಂದೇ ಪಾಸ್‌ವರ್ಡ್ ಕೇಳೋ ರೀತಿ. ಬ್ರೌಸರ್‌ನಲ್ಲಿ ಲಾಗಿನ್ ಪುಟ ತೆರೆಯೋ ವೈಫೈ ಕೂಡ ಅಲ್ಲಿ ನಡೆಯಲ್ಲ. ದಾರಿ ಒಂದಿದೆ: ಆಂಡ್ರಾಯ್ಡ್ ಫೋನನ್ನು ಎಡುರೋಮ್‌ಗೆ ಸೇರಿಸಿ, ಕೇಬಲ್‌ನಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಯೂಎಸ್‌ಬಿ ಟೆದರಿಂಗ್ ಆನ್ ಮಾಡೋದು. ಲಾಗಿನ್ ತಲೆನೋವು ಫೋನಿನದ್ದು; ಲ್ಯಾಪ್‌ಟಾಪಿಗೆ ಅದು ಮಾಮೂಲಿ ಲ್ಯಾನ್ ವೈರ್ ಚುಚ್ಚಿದ ಹಾಗೆ ಕಾಣುತ್ತೆ. ಐಫೋನ್‌ಗೆ ಜೊತೆಯಲ್ಲಿ ಇನ್ನೊಂದು ಸಾಫ್ಟ್‌ವೇರ್ ಬೇಕು, ಹಾಗಾಗಿ ಇನ್‌ಸ್ಟಾಲರ್‌ನಲ್ಲಿ ಅದನ್ನ ನಂಬಬೇಡಿ.

ವೈಫೈ ಕಾರ್ಡೇ ಕಾಣ್ತಿಲ್ಲ ಅನ್ನೋ ಹಳೇ ಗೋಳು ಈಗ ಕಡಿಮೆ. ಕಾರ್ಡ್ ನಡೆಸೋ ಫರ್ಮ್‌ವೇರ್ ಮುಕ್ತ ಸಾಫ್ಟ್‌ವೇರ್ ಅಲ್ಲ ಅಂತ ಡೆಬಿಯನ್ ಅದನ್ನ ಅಧಿಕೃತ ಇಮೇಜ್‌ನಿಂದ ಹೊರಗಿಟ್ಟಿತ್ತು. 2022ರಲ್ಲಿ ಡೆವಲಪರ್‌ಗಳು ಮತ ಹಾಕಿ ನಿಯಮ ಬದಲಿಸಿದರು, 2023ರ ಡೆಬಿಯನ್ 12ರಿಂದ ಒಳಗೇ ಬರುತ್ತೆ. ಹಾಗಾಗಿ ಯಾರೋ ಕೊಟ್ಟ ಹಳೇ ಪೆನ್‌ಡ್ರೈವ್ ಬಳಸೋ ಮುಂಚೆ ಆವೃತ್ತಿ ನೋಡ್ಕೊಳ್ಳಿ.

ಇಲ್ಲಿ ಕೊಂಡ ಲ್ಯಾಪ್‌ಟಾಪ್ ಅಂದ್ರೆ ಜಪಾನೀಸ್ ಕೀಬೋರ್ಡ್. ಇದನ್ನ ಯಾರೂ ನನಗೆ ಹೇಳಿರಲಿಲ್ಲ. ಇನ್‌ಸ್ಟಾಲರ್‌ನಲ್ಲಿ ಅಭ್ಯಾಸಬಲದಿಂದ ಅಮೆರಿಕನ್ ಕೀಬೋರ್ಡ್ ಆರಿಸಿದೆ. ಪಾಸ್‌ವರ್ಡಿನಲ್ಲಿ "ಆಟ್" ಚಿಹ್ನೆ ಇತ್ತು, ಶಿಫ್ಟ್ ಒತ್ತಿ 2 ಹೊಡೆದೆ. ಆಮೇಲೆ ಕೀಬೋರ್ಡನ್ನ ಜಪಾನೀಸ್‌ಗೆ ಬದಲಾಯಿಸಿದೆ. ಅದರಲ್ಲಿ ಅದೇ ಕೀಲಿ ಉದ್ಧರಣ ಚಿಹ್ನೆ ಕೊಡುತ್ತೆ. "ಆಟ್" ಇರೋದು ಪಿ ಅಕ್ಷರದ ಪಕ್ಕ. ಪಾಸ್‌ವರ್ಡ್ ಚುಕ್ಕಿಗಳಾಗಿ ಕಾಣೋದ್ರಿಂದ ತಪ್ಪು ಗೊತ್ತಾಗಲ್ಲ. ಅರ್ಧ ಗಂಟೆ ನನ್ನದೇ ಮನೆ ಬಾಗಿಲ ಹೊರಗೆ ನಿಂತ ಹಾಗಾಗಿತ್ತು. ಮೊದಲೇ ಜಪಾನೀಸ್ ಆರಿಸಿಬಿಡಿ.

ಎಲ್ಲಾ ಆದ ಮೇಲೂ ಒಂದು ತರಲೆ ಇದೆ. ಏನಾದ್ರೂ ಹೊಸ ಪ್ಯಾಕೇಜ್ ಕೇಳಿದ್ರೆ ಆಪ್ಟ್ "ಡಿಸ್ಕ್ ಹಾಕಿ" ಅನ್ನುತ್ತೆ, ಪೆನ್‌ಡ್ರೈವ್ ಚುಚ್ಚಿದ್ರೂ ಕೇಳ್ತಾನೇ ಇರುತ್ತೆ. ಅದು ಹುಡುಕೋದು ಸಿಡಿ ಇರಬೇಕಾದ ಜಾಗದಲ್ಲಿ. ಪೆನ್‌ಡ್ರೈವನ್ನು ಮೀಡಿಯಾ ಫೋಲ್ಡರಿನ ಸಿಡಿರಾಮ್ ಅನ್ನೋ ಜಾಗಕ್ಕೆ ಮೌಂಟ್ ಮಾಡಿ ಎಂಟರ್ ಒತ್ತಿ, ಸುಮ್ಮನಾಗುತ್ತೆ. ನನ್ನ ಕೋಡ್‌ಗೆ ಬೇಕಾದ ಕಂಪೈಲರ್ ಹೀಗೇ ಡಿವಿಡಿಯಿಂದಲೇ ಬಂತು. ಭಾನುವಾರ ರಾತ್ರಿ ಹನ್ನೊಂದಕ್ಕೆ ಸಿಮ್ಯುಲೇಶನ್ ಓಡಿತು. ಮನೆಗೆ ನೆಟ್ ಬಂದ ದಿನ ಸೋರ್ಸಸ್ ಪಟ್ಟಿಯಲ್ಲಿ ಸಿಡಿರಾಮ್ ಸಾಲು ತೆಗೆದು ಮಿರರ್ ಸಾಲು ಸೇರಿಸಿ, ಮೊದಲು ಸೆಕ್ಯುರಿಟಿ ಅಪ್‌ಡೇಟ್ ಹಾಕಿದೆ. ಮೂರು ವಾರ ಅದಿಲ್ಲದೇ ಇದ್ದೆ ಅನ್ನೋದು ನೆನಪಿರಲಿ.

ಅಂದ ಹಾಗೆ, ಗ್ರಾಫಿಕಲ್ ಇನ್‌ಸ್ಟಾಲರ್‌ನ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಅಕ್ಷರಗಳ ಟೆಕ್ಸ್ಟ್ ಇನ್‌ಸ್ಟಾಲರ್‌ನಲ್ಲಿ ಕಾಣಿಸಲ್ಲ. ಟೈಪಿಂಗ್‌ಗೆ ಐಬಸ್‌ನ ಎಂ17ಎನ್ ಪ್ಯಾಕೇಜ್ ಹಾಕಿದ್ರೆ ಕೆಜಿಪಿ ವಿನ್ಯಾಸ ಸಿಗುತ್ತೆ, ಜಪಾನೀಸ್‌ಗೆ ಮೋಜ್ಕ್ ಇದೆ. ಆ ಡಿವಿಡಿ ಪೆನ್‌ಡ್ರೈವ್ ಇನ್ನೂ ನನ್ನ ಹತ್ರ ಇದೆ. ಏಪ್ರಿಲ್‌ನಲ್ಲಿ ಬರೋ ಜೂನಿಯರ್‌ಗಳಿಗೆ ಬೇಕಾದ್ರೆ ಕೇಳಿ, ವಾಪಸ್ ಮಾತ್ರ ಕೊಡಬೇಕು.